ಬಾಕಿ ಪಟ್ಟಿ ಅಂಟಿಸುವ ಮುನ್ನ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಅಪಾರ್ಟ್‌ಮೆಂಟ್ ಹಾಗೂ ಬಡಾವಣೆ ಸಂಘಗಳ ಖಜಾಂಚಿಗಳಿಗೆ, ಅವರಿಗೆ ಸ್ಕ್ರಿಪ್ಟ್ ಬರೆದುಕೊಡುವ ತಮ್ಮ ತಂಗಿಯರಿಗೆ,



ತಿಂಗಳ ಹತ್ತನೇ ತಾರೀಖು ದಾಟಿತೆಂದರೆ ಲಿಫ್ಟ್ ಪಕ್ಕದ ನೋಟೀಸ್ ಬೋರ್ಡಿಗೆ ಬಾಕಿದಾರರ ಪಟ್ಟಿ ಬರುತ್ತದೆ. ಕೆಲವು ಕಡೆ ಅದೇ ಪಟ್ಟಿ ವಾಟ್ಸ್‌ಆ್ಯಪ್ ಗುಂಪಿಗೂ ಬೀಳುತ್ತದೆ. ಹಿಂದೆ ಯಾರಾದರೂ ಒಬ್ಬರು ರಶೀದಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದು ಭಾನುವಾರ ಕೂತು ಇದನ್ನು ಬರೆಯುತ್ತಿದ್ದರು. ಈಗ ಗೂಗಲ್ ಶೀಟ್ ಇದೆ, ಅದರ ಬೆನ್ನಿಗೆ ಒಂದು ಪುಟ್ಟ ಸ್ಕ್ರಿಪ್ಟ್ ಇದೆ. ಬರೆದವನು ಮೂರನೇ ಮಹಡಿಯ ಇಂಜಿನಿಯರಿಂಗ್ ಹುಡುಗ, ಇಲ್ಲವೇ ಯಾವುದೋ ಚಾಟ್‌ಬಾಟ್. ಮೆನುವಿನಲ್ಲಿ ಒಂದು ಬಟನ್ ಒತ್ತಿದರೆ ಸ್ಕ್ರಿಪ್ಟ್ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಒಂದೊಂದೇ ಸಾಲು ನೋಡುತ್ತ ಹೋಗಿ, ಬಾಕಿ ಇದ್ದವರಿಗೆ ಮೇಲ್ ಕಳಿಸಿ, ಪಟ್ಟಿ ತಯಾರು ಮಾಡಿ ಕೊಡುತ್ತದೆ.

ಇದರ ಬಗ್ಗೆ ನನಗೆ ತಕರಾರಿಲ್ಲ. ರಜೆಯ ದಿನ ಪರಿಚಿತರ ಸಂಘಗಳ ಇಂಥ ಶೀಟುಗಳನ್ನು ಬಿಚ್ಚಿ ನೋಡಿಕೊಡುವ ಅಭ್ಯಾಸ ನನಗಿದೆ, ದುಡ್ಡು ತೆಗೆದುಕೊಳ್ಳುವುದಿಲ್ಲ, ಕಾಫಿ ಬೇಡ ಎನ್ನುವುದಿಲ್ಲ. ಆ ಅನುಭವದ ಮೇಲೆ ನಿಮ್ಮೆಲ್ಲರಲ್ಲಿ ಒಂದೇ ಕೋರಿಕೆ: ಸ್ಕ್ರಿಪ್ಟ್ ಎಷ್ಟು ಸಾಲು ಓದಿತು, ಎಷ್ಟಕ್ಕೆ ನೋಟೀಸ್ ಕಳಿಸಿತು, ಎಷ್ಟನ್ನು ಯಾವ ಕಾರಣಕ್ಕೆ ಬಿಟ್ಟಿತು ಎಂಬ ಲೆಕ್ಕ ಕೈಗೆ ಸಿಗದೆ ಪಟ್ಟಿಯನ್ನು ಬೋರ್ಡಿಗೆ ಅಂಟಿಸಬೇಡಿ.

“ಓಡಿತಲ್ಲ ಸಾರ್, ಒಂದು ಎರರ್ ಕೂಡ ಬರಲಿಲ್ಲ” ಎನ್ನುತ್ತೀರಿ. ಎರರ್ ಬರಲಿಲ್ಲ ಎಂದರೆ ನೀವು ಬರೆದದ್ದು ಯಂತ್ರಕ್ಕೆ ಅರ್ಥವಾಯಿತು ಎಂದಷ್ಟೇ. ಎಲ್ಲ ಮನೆಗಳನ್ನೂ ಅದು ನೋಡಿತೆಂದು ಅಲ್ಲ. ನಮ್ಮ ಕಡೆಯ ಸಂಘಗಳಲ್ಲಿ ಬಿಇಎಲ್‌ನಿಂದ, ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದವರು ಬಹಳ ಮಂದಿ ಖಜಾಂಚಿಗಳಾಗಿದ್ದೀರಿ. ತಪಾಸಣೆಯಾಗದ ಒಂದು ಗಾಲಿ ಗೇಟಿನಿಂದ ಹೊರಗೆ ಹೋಗಲು ನೀವು ಬಿಡುತ್ತಿರಲಿಲ್ಲ. ಸಂಘದ ಲೆಕ್ಕಕ್ಕೆ ಮಾತ್ರ ಆ ಕಣ್ಣು ಯಾಕೆ ಬೇಡವಾಯಿತೋ ತಿಳಿಯದು.

ನಾನು ಅತಿ ಹೆಚ್ಚು ಕಂಡ ದೋಷವನ್ನೇ ಮೊದಲು ಹೇಳುತ್ತೇನೆ, ಸ್ವಲ್ಪ ವಿವರವಾಗಿ. ಸ್ಕ್ರಿಪ್ಟ್ ಎಲ್ಲ ಮನೆಗಳ ಶೀಟನ್ನು ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಮೇಲಿನಿಂದ ಕೆಳಗೆ ಬರುತ್ತ, ‘ಪಾವತಿ’ ಎಂದಿರುವ ಸಾಲು ಸಿಕ್ಕಿದಲ್ಲೆಲ್ಲ ಅಳಿಸುತ್ತದೆ. ಕೊನೆಗೆ ಉಳಿದವರೇ ಬಾಕಿದಾರರು. ಓದುವುದಕ್ಕೆ ಎಷ್ಟು ಸರಳ! ಈಗ 7ನೇ ಸಾಲಿನವರೂ 8ನೇ ಸಾಲಿನವರೂ ಹಣ ಕಟ್ಟಿದ್ದಾರೆ ಎನ್ನಿ. ಲೂಪ್, ಅಂದರೆ ಸಾಲಿನಿಂದ ಸಾಲಿಗೆ ಹೋಗುವ ಆ ಸುತ್ತು, 7ಕ್ಕೆ ಬಂತು, ಪಾವತಿ ಎಂದು ಕಂಡಿತು, ಅಳಿಸಿತು. ಅಳಿಸಿದ ಕ್ಷಣವೇ ಕೆಳಗಿನ ಸಾಲುಗಳೆಲ್ಲ ಒಂದೊಂದು ಮೇಲೆ ಸರಿಯುತ್ತವೆ. 8ರಲ್ಲಿದ್ದವರು 7ಕ್ಕೆ ಬಂದರು, 9ರಲ್ಲಿದ್ದವರು 8ಕ್ಕೆ. ಲೂಪಿಗೆ ಇದು ಗೊತ್ತಿಲ್ಲ. ತನ್ನ ಎಣಿಕೆಯಂತೆ ಅದು 8ಕ್ಕೆ ಹೋಗುತ್ತದೆ, ಅಲ್ಲಿ ಮೊದಲು 9ರಲ್ಲಿದ್ದವರು ಕೂತಿದ್ದಾರೆ. ಮೊದಲು 8ರಲ್ಲಿದ್ದವರನ್ನು ಯಾರೂ ನೋಡಲೇ ಇಲ್ಲ. ಹಣ ಕಟ್ಟಿಯೂ ಅವರು ಬಾಕಿದಾರರ ಪಟ್ಟಿಯಲ್ಲಿ ಉಳಿದುಬಿಟ್ಟರು.

ಇದು ಎಲ್ಲರಿಗೂ ಆಗುವುದಿಲ್ಲ. ಹಣ ಕಟ್ಟಿದವರು ಒಬ್ಬರ ಕೆಳಗೊಬ್ಬರು ಬಂದಾಗ ಮಾತ್ರ, ಅದರಲ್ಲೂ ಎರಡನೆಯವರಿಗೆ ಮಾತ್ರ. ಹಾಗಾಗಿ ಮೂರು ನಾಲ್ಕು ಮನೆಗಳನ್ನಿಟ್ಟು ಪರೀಕ್ಷಿಸಿದಾಗ ಸಿಕ್ಕಿಬೀಳುವುದಿಲ್ಲ. ಒಂದೇ ಮಹಡಿಯಲ್ಲಿ ಅಕ್ಕಪಕ್ಕ ಎರಡು ಫ್ಲಾಟ್ ಇಟ್ಟುಕೊಂಡವರನ್ನು ನೆನೆಯಿರಿ. ಎರಡಕ್ಕೂ ಒಂದೇ ದಿನ ದುಡ್ಡು ಹಾಕುತ್ತಾರೆ. ಅವರ ಎರಡನೇ ಫ್ಲಾಟು ತಿಂಗಳು ತಿಂಗಳೂ ಬಾಕಿ ಪಟ್ಟಿಯಲ್ಲಿ ಬರುತ್ತಿರುತ್ತದೆ. ಅವರು ಸ್ಕ್ರಿಪ್ಟನ್ನು ಅನುಮಾನಿಸುತ್ತಾರೆಯೇ? ಕಾರ್ಯದರ್ಶಿಯನ್ನು ಅನುಮಾನಿಸುತ್ತಾರೆ. ಕಳೆದ ಚುನಾವಣೆಯಲ್ಲಿ ತಾವು ಯಾರಿಗೆ ಕೈ ಎತ್ತಿದೆವು ಎಂಬುದನ್ನು ಜ್ಞಾಪಿಸಿಕೊಳ್ಳುತ್ತಾರೆ. ಪಾರ್ಕಿಂಗ್ ಜಗಳವನ್ನು ಇದಕ್ಕೆ ಜೋಡಿಸುತ್ತಾರೆ. ಒಂದು ಲೂಪಿನ ಎಣಿಕೆ ತಪ್ಪಿದ್ದಕ್ಕೆ ಎರಡು ಮನೆಯವರು ಲಿಫ್ಟಿನಲ್ಲಿ ಮುಖ ತಿರುಗಿಸಿಕೊಂಡು ನಿಲ್ಲುವುದನ್ನು ನಾನು ಕಂಡಿದ್ದೇನೆ.

ಇದರದೇ ಇನ್ನೊಂದು ರೂಪ ಮತ್ತೂ ಕೆಟ್ಟದ್ದು. ಜಾಣ ಹುಡುಗರು ವೇಗಕ್ಕಾಗಿ ಇಡೀ ಶೀಟನ್ನು ಒಮ್ಮೆಗೇ ಓದಿ ಇಟ್ಟುಕೊಳ್ಳುತ್ತಾರೆ, ಓದಿಟ್ಟ ಪ್ರತಿಯನ್ನು ನೋಡಿಕೊಂಡು ನಿಜವಾದ ಶೀಟಿನಲ್ಲಿ ಅಳಿಸುತ್ತಾರೆ. ಮೊದಲ ಅಳಿಸುವಿಕೆ ಸರಿ. ಅಲ್ಲಿಂದ ಮುಂದೆ ಶೀಟು ಒಂದು ಸಾಲು ಮೇಲೆ ಸರಿದಿರುತ್ತದೆ, ಪ್ರತಿ ಹಳೆಯದೇ ಇರುತ್ತದೆ. ಎರಡನೇ ಸಲ ಅಳಿಯುವುದು ಕಟ್ಟಿದವರ ಸಾಲಲ್ಲ, ಅವರ ಕೆಳಗಿನವರದ್ದು. ಮೂರನೇ ಸಲ ಎರಡು ಸಾಲು ಆಚೆಗಿನವರದ್ದು. ಕೊನೆಗೆ ಉಳಿದ ಪಟ್ಟಿಗೂ ನಿಜಕ್ಕೂ ಸಂಬಂಧವೇ ಇರುವುದಿಲ್ಲ. ಆದರೆ ನೋಡಲು ಅದು ಪಟ್ಟಿಯಂತೆಯೇ ಇರುತ್ತದೆ!

ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಕೆಳಗಿನಿಂದ ಮೇಲಕ್ಕೆ ಬನ್ನಿ. ಕೊನೆಯ ಸಾಲಿನಿಂದ ಹಿಂದಕ್ಕೆ ಎಣಿಸುತ್ತ ಅಳಿಸಿದರೆ ಸರಿಯುವುದು ಆಗಲೇ ನೋಡಿ ಮುಗಿಸಿದ ಸಾಲುಗಳು ಮಾತ್ರ, ನೋಡಬೇಕಾದವು ಇದ್ದಲ್ಲೇ ಇರುತ್ತವೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಅಳಿಸುವುದನ್ನೇ ಬಿಟ್ಟುಬಿಡಿ. ಹಳೆಯ ಲೆಕ್ಕದ ಗುಮಾಸ್ತರು ಖಾತೆ ಪುಸ್ತಕದಿಂದ ಹಾಳೆ ಹರಿಯುತ್ತಿರಲಿಲ್ಲ. ತಪ್ಪಾದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಗೀಟಿನ ಕೆಳಗೆ ಏನಿತ್ತೆಂದು ಮಾರನೇ ವರ್ಷದ ಆಡಿಟರೂ ಓದಬಹುದಿತ್ತು. ಶೀಟಿನಲ್ಲೂ ಒಂದು ‘ಸ್ಥಿತಿ’ ಕಾಲಮ್ ಇಟ್ಟು ಅದರಲ್ಲಿ ಗುರುತು ಹಾಕಿ. ಸಾಲು ಸಾಲಾಗಿಯೇ ಇರಲಿ.

ಎರಡನೆಯದು ಎಣಿಕೆ ಎಲ್ಲಿಂದ ಶುರು ಎಂಬ ಗೊಂದಲ. ಶೀಟಿನ ಎಡಗಡೆ ಕಾಣುವ ಸಾಲಿನ ಸಂಖ್ಯೆ 1ರಿಂದ ಆರಂಭ. ಸ್ಕ್ರಿಪ್ಟ್ ಓದಿಕೊಂಡ ಪಟ್ಟಿಯ ಎಣಿಕೆ 0ಯಿಂದ ಆರಂಭ. ಸಾಲದ್ದಕ್ಕೆ ಮೊದಲ ಸಾಲು ತಲೆಬರಹ. ಹಾಗಾಗಿ ಮೊದಲ ಮನೆ ಶೀಟಿನಲ್ಲಿ 2ನೇ ಸಾಲು, ಸ್ಕ್ರಿಪ್ಟಿನಲ್ಲಿ 1. ಎಲ್ಲೋ ಒಂದು ಕಡೆ ಒಂದನ್ನು ಕೂಡಿಸಲು ಮರೆತರೆ ಮೇಲ್ ಸರಿಯಾದವರಿಗೆ ಹೋಗಿ, ‘ಕಳಿಸಿದೆ’ ಎಂಬ ಗುರುತು ಮೇಲಿನ ಮನೆಯ ಮುಂದೆ ಬೀಳುತ್ತದೆ. ತಲೆಬರಹದ ಸಾಲಿನಲ್ಲಿ ‘ಕಳಿಸಿದೆ’ ಎಂದು ಕಂಡರೆ ಅಲ್ಲೇ ನಿಲ್ಲಿ, ರೋಗ ಅದೇ. ಇನ್ನೊಂದು ತುದಿಯಲ್ಲಿ ಒಂದನ್ನು ಹೆಚ್ಚು ಕಳೆದಿದ್ದರೆ ಕೊನೆಯ ಮನೆಗೆ ನೋಟೀಸೇ ಹೋಗುವುದಿಲ್ಲ.

ಆ ಕೊನೆಯ ಮನೆಯ ವಿಚಾರ ಸ್ವಲ್ಪ ಯೋಚಿಸಿ ನೋಡಿ. ಬಾಕಿ ಇಲ್ಲದವರಿಗೆ ತಪ್ಪಾಗಿ ನೋಟೀಸ್ ಹೋದರೆ ಹತ್ತು ನಿಮಿಷದಲ್ಲಿ ನಿಮ್ಮ ಫೋನ್ ಹೊಡೆದುಕೊಳ್ಳುತ್ತದೆ. ಬಾಕಿ ಇದ್ದವರಿಗೆ ಹೋಗದೇ ಇದ್ದರೆ? “ನನಗ್ಯಾಕೆ ನೋಟೀಸ್ ಬಂದಿಲ್ಲ” ಎಂದು ಕೇಳಿಕೊಂಡು ಬರುವವರನ್ನು ನಾನಂತೂ ನೋಡಿಲ್ಲ. ಅಂದರೆ ದೂರುಗಳನ್ನು ನಂಬಿ ಸ್ಕ್ರಿಪ್ಟ್ ತಿದ್ದುವವರಿಗೆ ಅರ್ಧ ದೋಷಗಳು ಎಂದೂ ಕಾಣುವುದಿಲ್ಲ. “ಮೂರು ತಿಂಗಳಿಂದ ಯಾರೂ ಕಂಪ್ಲೇಂಟ್ ಮಾಡಿಲ್ಲ” ಎಂಬುದು ಸ್ಕ್ರಿಪ್ಟ್ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗದು.

ದೊಡ್ಡವರ ಕತೆಯೂ ಹೀಗೇ ಇದೆ. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ದೇಶಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಒಂದು ಪ್ರಬಂಧ ಬರೆದರು. ಸರ್ಕಾರಗಳು ಖರ್ಚು ಕಡಿತ ಮಾಡಬೇಕೆನ್ನುವವರು ಅದನ್ನು ಮತ್ತೆ ಮತ್ತೆ ಎತ್ತಿ ತೋರಿಸಿದರು. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಕಡತ ತರಿಸಿಕೊಂಡು ನೋಡಿದ. ಸರಾಸರಿ ತೆಗೆಯುವ ಸೂತ್ರ 30ನೇ ಸಾಲಿನಿಂದ 49ರವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಲೆಕ್ಕದಿಂದ ಹೊರಗೆ. ಆ ಪ್ರಬಂಧದ ಮೇಲೆ ಹರ್ನ್‌ಡನ್ ಮತ್ತು ಅವನ ಅಧ್ಯಾಪಕರಿಗೆ ಬೇರೆ ಆಕ್ಷೇಪಗಳೂ ಇದ್ದವು, ಅದು ಇಲ್ಲಿ ಬೇಡ. ಬಿಟ್ಟುಹೋದ ಐದು ದೇಶಗಳು ಮೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದನ್ನಷ್ಟೇ ಗಮನಿಸಿ.

ಖಾಲಿ ಸಾಲಿನ ಸಮಸ್ಯೆಯನ್ನು ಬೇಗ ಮುಗಿಸುತ್ತೇನೆ. ‘ಖಾಲಿ ಸಾಲು ಸಿಗುವವರೆಗೆ ಓದು’ ಎಂದು ಬರೆದ ಲೂಪ್, ಎ ಬ್ಲಾಕಿಗೂ ಬಿ ಬ್ಲಾಕಿಗೂ ನಡುವೆ ಅಂದಕ್ಕೆಂದು ನೀವು ಬಿಟ್ಟ ಖಾಲಿ ಸಾಲಿನಲ್ಲೇ ನಿಂತುಬಿಡುತ್ತದೆ. ಬಿ ಬ್ಲಾಕಿನವರಿಗೆ ಆ ತಿಂಗಳು ಹಬ್ಬ. ಇದಕ್ಕೆ ವಿರುದ್ಧವಾಗಿ, ಚೆಕ್‌ಬಾಕ್ಸ್‌ಗಳನ್ನು ಕಾಲಮಿನ ಕೊನೆಯವರೆಗೆ ಎಳೆದಿಟ್ಟಿದ್ದರೆ ಗೂಗಲ್ ಶೀಟ್ ಅವನ್ನೂ ತುಂಬಿದ ಸಾಲೆಂದೇ ಎಣಿಸುತ್ತದೆ. ಹೊಸ ಶೀಟಿಗೆ 1,000 ಸಾಲು ಇರುತ್ತದೆ. ನೂರಿಪ್ಪತ್ತು ಮನೆಯ ಅಪಾರ್ಟ್‌ಮೆಂಟಿನಲ್ಲಿ ಲೂಪ್ ಸಾವಿರದವರೆಗೆ ಯಾರೂ ಇಲ್ಲದ ಮನೆಗಳ ಕದ ತಟ್ಟುತ್ತ ಹೋಗುತ್ತದೆ. ಮನೆ ಸಂಖ್ಯೆ ಖಾಲಿಯಿದ್ದರೆ ಆ ಸಾಲನ್ನು ದಾಟಿ ಮುಂದೆ ಹೋಗಲಿ, ಎಷ್ಟನ್ನು ದಾಟಿತೆಂದು ಎಣಿಸಿಡಲಿ, ಅಷ್ಟೇ.

ಮನೆ ಸಂಖ್ಯೆ ಎಂದೆ. ಆರ್.ಟಿ. ನಗರದ, ಗಂಗೇನಹಳ್ಳಿಯ, ಮತ್ತಿಕೆರೆಯ ಬಡಾವಣೆ ಸಂಘದವರು ಇಲ್ಲಿ ಕಿವಿಗೊಡಬೇಕು. ನಿಮ್ಮಲ್ಲಿ ಸೈಟು ಒಡೆದು ಮನೆಗಳಾದಾಗ ಡೋರ್ ನಂಬರ್ 12 ಇದ್ದದ್ದು 12/1, 12/2 ಆಗಿದೆ. ಅದನ್ನು ಶೀಟಿನಲ್ಲಿ ಬರೆದು ಎಂಟರ್ ಒತ್ತಿದರೆ 12/1 ಜನವರಿ ಹನ್ನೆರಡು ಆಗುತ್ತದೆ. ಶೀಟಿನ ಲೊಕೇಲ್ (ದೇಶದ ಆಯ್ಕೆ) ಅಮೆರಿಕದ್ದೇ ಆಗಿ ಉಳಿದಿದ್ದರೆ ಡಿಸೆಂಬರ್ ಒಂದು. 112/3ಕ್ಕೆ ತಾರೀಖಾಗುವ ಯೋಗವಿಲ್ಲ, ಅದು ಬರೆದಂತೆಯೇ ಉಳಿಯುತ್ತದೆ. ಹೀಗೆ ಒಂದೇ ಕಾಲಮಿನಲ್ಲಿ ಅರ್ಧ ಮನೆ, ಅರ್ಧ ತಾರೀಖು. ಪಾವತಿಯ ಶೀಟಿನಿಂದ 12/1 ಹಿಡಿದುಕೊಂಡು ಬಂದ ಲೂಪ್ ಇಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅದು ಕೇಳುತ್ತಿರುವುದು ಅಕ್ಷರಗಳನ್ನು, ಇಲ್ಲಿರುವುದು ಒಂದು ದಿನ. ಕಟ್ಟಿದ ಹಣ ಯಾರ ಲೆಕ್ಕಕ್ಕೂ ಸೇರದೆ ತೇಲುತ್ತದೆ. ಎಕ್ಸೆಲ್‌ನಲ್ಲಿ ಆಮೇಲೆ ‘ಟೆಕ್ಸ್ಟ್’ ಎಂದು ಬದಲಿಸಿದರೂ ಉಪಯೋಗವಿಲ್ಲ: 2025ರ ಜನವರಿ 12 ಆಗಿಹೋದದ್ದು 45669 ಎಂದು ಕಾಣಿಸುತ್ತದೆ, ಅದು ಎಕ್ಸೆಲ್ ಒಳಗೊಳಗೆ ದಿನಗಳನ್ನು ಎಣಿಸುವ ಸಂಖ್ಯೆ. ಇ ಬ್ಲಾಕಿನವರಿಗೆ ಬೇರೆ ಆಪತ್ತು. ಎರಡನೇ ಮಹಡಿ, ಇ ಬ್ಲಾಕ್, 5ನೇ ಮನೆಯೆಂದು ‘2ಇ5’ ಅನ್ನು ಇಂಗ್ಲಿಷಿನಲ್ಲಿ ಬರೆದರೆ ಅದು ಎರಡು ಲಕ್ಷವಾಗುತ್ತದೆ.

ವಂಶವಾಹಿಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗಳಿಗೂ ಇದೇ ಕಾಟ. ‘ಮಾರ್ಚ್1’, ‘ಸೆಪ್ಟ್1’ ಎಂಬ ಹೆಸರಿನ ಜೀನ್‌ಗಳು ಎಕ್ಸೆಲ್‌ಗೆ ಹೋದ ಕೂಡಲೇ ತಾರೀಖುಗಳಾಗುತ್ತಿದ್ದವು. ಎಷ್ಟು ವರ್ಷ ಒದ್ದಾಡಿದರೋ, 2020ರ ಹೊತ್ತಿಗೆ ಮಾನವ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಎಕ್ಸೆಲ್ ಬದಲಾಗುವುದಕ್ಕೆ ಕಾಯದೆ ಜೀನ್‌ಗಳ ಹೆಸರನ್ನೇ ಬದಲಿಸಿತು: ಮಾರ್ಚ್ಎಫ್1, ಸೆಪ್ಟಿನ್1. ನಾವು ಡೋರ್ ನಂಬರ್ ಬದಲಿಸಲು ಹೊರಟರೆ ಖಾತೆಯಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲ ಕಚೇರಿ ಅಲೆಯಬೇಕು. ಅದರ ಬದಲು, ಒಂದು ಅಕ್ಷರ ತುಂಬುವ ಮೊದಲೇ ಆ ಕಾಲಮನ್ನು ‘ಪ್ಲೇನ್ ಟೆಕ್ಸ್ಟ್’ ಮಾಡಿಡಿ. ಮೊದಲೇ ಎಂಬ ಮಾತಿಗೆ ಒತ್ತು.

ಇನ್ನು ಕನ್ನಡದ್ದು. ಈ ಭಾಗ ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗುವುದಿಲ್ಲವಾದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ನೀರಿನ ಟ್ಯಾಂಕರ್ ಬಂದ ಲೆಕ್ಕವನ್ನು ಸೆಕ್ಯುರಿಟಿಯವರೋ ಮೇಸ್ತ್ರಿಯೋ ಮೊಬೈಲಿನಲ್ಲಿ ಕನ್ನಡದಲ್ಲೇ ತುಂಬುವ ಸಂಘಗಳಿವೆ, ಅದು ನನಗೆ ಸಂತೋಷದ ವಿಷಯ. ಕೆಲವರು ಅಂಕಿಯನ್ನೂ ಕನ್ನಡದಲ್ಲೇ ಬರೆಯುತ್ತಾರೆ: ೩೦೦. ಗೂಗಲ್ ಶೀಟಿನ ಸ್ಕ್ರಿಪ್ಟ್ ಬರೆಯುವುದು ಜಾವಾಸ್ಕ್ರಿಪ್ಟಿನಲ್ಲಿ. ಜಾವಾಸ್ಕ್ರಿಪ್ಟ್‌ಗೆ ಕನ್ನಡ ಅಂಕಿ ಅಂಕಿಯಲ್ಲ, ಬರೀ ಅಕ್ಷರ. 1200ಕ್ಕೆ ಪಠ್ಯವಾಗಿ ಕೂತ ೩೦೦ ಕೂಡಿಸು ಎಂದರೆ 1500 ಎನ್ನುವುದಿಲ್ಲ, ಎರಡನ್ನೂ ಅಂಟಿಸಿ ‘1200೩೦೦’ ಎನ್ನುತ್ತದೆ. ಸಂಖ್ಯೆಯಾಗಿ ಬದಲಿಸು ಎಂದು ಒತ್ತಾಯಿಸಿದರೆ ‘ನ್ಯಾನ್’ ಎಂಬ ಉತ್ತರ ಬರುತ್ತದೆ, ಇದು ಸಂಖ್ಯೆಯೇ ಅಲ್ಲ ಎಂದು ಅರ್ಥ. ಈ ನ್ಯಾನ್‌ನ ಸ್ವಭಾವ ವಿಚಿತ್ರ. ಅದಕ್ಕೆ ಏನು ಕೂಡಿಸಿದರೂ ನ್ಯಾನ್, ಒಂದೇ ಸಾಲಿನಲ್ಲಿ ಹೊಕ್ಕರೆ ಇಡೀ ಕಟ್ಟಡದ ಮೊತ್ತ ಕೆಡುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಕಾಣದ್ದು ಯಾವುದೆಂದರೆ, ‘ನ್ಯಾನ್ ಸೊನ್ನೆಗಿಂತ ಹೆಚ್ಚೇ’ ಎಂದು ಕೇಳಿದರೆ ಇಲ್ಲ ಎನ್ನುತ್ತದೆ. ‘ಬಾಕಿ ಸೊನ್ನೆಗಿಂತ ಹೆಚ್ಚಿದ್ದರೆ ನೋಟೀಸ್ ಕಳಿಸು’ ಎಂದು ನಿಮ್ಮ ಲೂಪಿನಲ್ಲಿ ಬರೆದಿದೆಯಲ್ಲ? ಬಾಕಿ ನ್ಯಾನ್ ಆದ ಮನೆ ಸದ್ದಿಲ್ಲದೆ ಪಾರಾಗುತ್ತದೆ.

ಪೈಥಾನ್‌ನಲ್ಲಿ ಬರೆದವರಿಗೆ ಇದು ಆಗುವುದಿಲ್ಲ. ಪೈಥಾನ್ ೩೦೦ ಅನ್ನು ಮರುಮಾತಿಲ್ಲದೆ ಮುನ್ನೂರು ಎಂದು ಓದಿಕೊಳ್ಳುತ್ತದೆ, ಪರೀಕ್ಷಿಸಿ ನೋಡಿ. ಹಾಗಾಗಿ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಪೈಥಾನ್‌ನಿಂದ ತಾಳೆ ನೋಡಿ ಸರಿಯಿದೆ ಎನ್ನುತ್ತಾನೆ, ಶೀಟಿನಲ್ಲಿ ತಪ್ಪು ಬರುತ್ತಲೇ ಇದೆ ಎಂದು ಖಜಾಂಚಿ ಹೇಳುತ್ತಾರೆ, ಇಬ್ಬರೂ ನಿಜ ಹೇಳುತ್ತಿರುತ್ತಾರೆ. ಜಾವಾಸ್ಕ್ರಿಪ್ಟಿನಲ್ಲಿ ಓದುವ ಮುನ್ನ ಹತ್ತು ಕನ್ನಡ ಅಂಕಿಗಳನ್ನು ಬದಲಿಸಿಕೊಳ್ಳುವ ಒಂದು ಲೈನ್ ಸೇರಿಸಿದರೆ ಮುಗಿಯಿತು. ದಯವಿಟ್ಟು ಸೆಕ್ಯುರಿಟಿಯವರಿಗೆ “ಇಂಗ್ಲಿಷ್ ಅಂಕಿ ಹಾಕಿ” ಎಂದು ಗದರಬೇಡಿ. ತಿದ್ದಬೇಕಾದ್ದು ಸ್ಕ್ರಿಪ್ಟನ್ನು. ಅಂದಹಾಗೆ ಅಲ್ಪವಿರಾಮವೂ ಇದೇ ಆಟ ಆಡುತ್ತದೆ. ಪಠ್ಯವಾಗಿ ಬಂದ ‘3,500’ ಅನ್ನು ಜಾವಾಸ್ಕ್ರಿಪ್ಟಿನ ಪಾರ್ಸ್‌ಇಂಟ್ ಅಲ್ಪವಿರಾಮದವರೆಗೆ ಓದಿ ನಿಲ್ಲುತ್ತದೆ. ಮೂರೂವರೆ ಸಾವಿರದ ಬಿಲ್ಲು ಮೂರು ರೂಪಾಯಿ.

ಹೆಸರುಗಳ ಹೊಂದಾಣಿಕೆಯಲ್ಲಿ ಕನ್ನಡ ಇನ್ನೂ ಸೂಕ್ಷ್ಮ. ‘ರಮೇಶ್’ ಎಂದು ಎರಡು ಕಡೆ ಬರೆದಿದೆ, ಕಣ್ಣಿಗೆ ಎರಡೂ ಒಂದೇ. ಆದರೆ ಕೆಲವು ಕೀಲಿಮಣೆಗಳಲ್ಲಿ ಟೈಪಿಸಿದಾಗ ಕೊನೆಯ ಅರ್ಧಾಕ್ಷರದ ಬಳಿಕ ಕಾಣದ ಒಂದು ಗುರುತು ಸೇರಿಕೊಂಡಿರುತ್ತದೆ, ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದಕ್ಕೆ. ಅದಕ್ಕೆ ಅಗಲವೇ ಇಲ್ಲ, ಪರದೆಯ ಮೇಲೆ ಜಾಗವನ್ನೇ ತೆಗೆದುಕೊಳ್ಳುವುದಿಲ್ಲ. ಲೂಪಿಗೆ ಮಾತ್ರ ಇವರಿಬ್ಬರೂ ಬೇರೆ ಬೇರೆ ರಮೇಶರು. ‘ಕೊಡಿಗೇಹಳ್ಳಿ’ಯ ಕೊ ಅಕ್ಷರವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣದು, ಹೋಲಿಕೆಯಲ್ಲಿ ಸೋಲುತ್ತದೆ. ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಎಂಬ ಸೌಲಭ್ಯ ಎರಡನೆಯದನ್ನು ಸರಿಪಡಿಸುತ್ತದೆ, ಮೊದಲನೆಯದನ್ನು ಮುಟ್ಟುವುದಿಲ್ಲ. ಕಾಣದ ಗುರುತನ್ನು ಬೇರೆಯಾಗಿ ತೆಗೆಯಬೇಕು. ಅದನ್ನು ಹೋಲಿಸುವ ಹೊತ್ತಿಗೆ ಮಾತ್ರ ತೆಗೆಯಿರಿ, ಮೂಲ ಸಾಲಿನಲ್ಲಿ ತೆಗೆದರೆ ‘ಅಪಾರ್ಟ್‌ಮೆಂಟ್’ ಎಂಬ ಪದ ಒತ್ತಕ್ಷರಗಳ ರಾಶಿಯಾಗುತ್ತದೆ.

ಯಲಹಂಕ ಉಪನಗರದಂಥ ಹಳೆಯ ಬಡಾವಣೆಗಳ ಸಂಘಗಳಿಗೆ ಇನ್ನೊಂದು ತೊಡಕು: ಸದಸ್ಯರ ಪಟ್ಟಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇದ್ದರೆ, ಅಲ್ಲಿ ಕನ್ನಡ ಇರುವುದು ಫಾಂಟಿನ ಮೇಲ್ಮೈಯಲ್ಲಿ ಮಾತ್ರ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸದೆ ಅದನ್ನು ಯಾವ ಲೂಪಿಗೂ ಕೊಡಬೇಡಿ. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ, ಹೆಸರಿನಿಂದ ಹೊಂದಿಸುವುದೇ ಬೇಡ. ಪ್ರತಿ ಮನೆಗೂ ಬದಲಾಗದ ಒಂದು ಸಂಖ್ಯೆ ಕೊಟ್ಟು ಅದರಿಂದ ಹೊಂದಿಸಿ. ಮನೆ ಮಾರಿದರೆ ಹೆಸರು ಹೋಗುತ್ತದೆ, ಸಂಖ್ಯೆ ಇರುತ್ತದೆ.

ಎರಡೆರಡು ಸಲ ನೋಟೀಸ್ ಬಂತು ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಲೂಪಿನ ತರ್ಕದಲ್ಲಿ ಇರುವುದಿಲ್ಲ, ಅದು ಅರ್ಧಕ್ಕೆ ನಿಂತದ್ದರಲ್ಲಿ ಇರುತ್ತದೆ. ಗೂಗಲ್ ಯಾವ ಸ್ಕ್ರಿಪ್ಟನ್ನೂ ಒಂದು ಸಲಕ್ಕೆ 6 ನಿಮಿಷಕ್ಕಿಂತ ಹೆಚ್ಚು ಓಡಗೊಡುವುದಿಲ್ಲ. ಉಚಿತ ಜಿಮೇಲ್ ಖಾತೆಯಿಂದ ಸ್ಕ್ರಿಪ್ಟ್ ಮೂಲಕ ದಿನಕ್ಕೆ 100 ಜನರಿಗಷ್ಟೇ ಮೇಲ್. ಜಕ್ಕೂರಿನ ಕಡೆ ಎದ್ದಿರುವ ದೊಡ್ಡ ಕಟ್ಟಡಗಳಲ್ಲಿ ಮನೆಗಳೇ ಇನ್ನೂರು ಮುನ್ನೂರು. ನೂರಕ್ಕೆ ನಿಂತಿತು, ನೀವು ಮರುದಿನ ಮತ್ತೆ ಬಟನ್ ಒತ್ತಿದಿರಿ, ಅದು ಮತ್ತೆ ಒಂದನೇ ಮನೆಯಿಂದ ಶುರು ಮಾಡಿತು. ಮೊದಲ ನೂರು ಮನೆಗೆ ಎರಡು ನೋಟೀಸ್, ಉಳಿದವರಿಗೆ ಒಂದೂ ಇಲ್ಲ. ಪ್ರತಿ ಮೇಲ್ ಹೋದ ಕೂಡಲೇ ಆ ಸಾಲಿನ ಮುಂದೆ ತಾರೀಖು ಬರೆಸಿ, ಮುಂದಿನ ಸಲ ತಾರೀಖು ಇದ್ದ ಸಾಲನ್ನು ದಾಟಿಸಿ. ಕೊನೆಯಲ್ಲಿ ಒಟ್ಟಿಗೆ ಬರೆಸಿದರೆ ಸಾಲದು, ಅರ್ಧಕ್ಕೆ ನಿಂತ ಸ್ಕ್ರಿಪ್ಟಿಗೆ ಆ ಕೊನೆ ಬರುವುದೇ ಇಲ್ಲ.

ಬರೆದುಕೊಡುವ ತಮ್ಮ ತಂಗಿಯರೇ, ನಿಮ್ಮ ಮೇಲೆ ನನಗಿರುವ ಒಂದೇ ಒಂದು ಸಿಟ್ಟು ಖಾಲಿ ‘ಕ್ಯಾಚ್’ ಬಗ್ಗೆ. ಒಂದು ಸಾಲಿನಲ್ಲಿ ಎರರ್ ಬಂದು ಇಡೀ ಲೂಪ್ ನಿಂತಿತೆಂದು ಖಜಾಂಚಿ ಫೋನ್ ಮಾಡುತ್ತಾರೆ, ನಾಳೆ ನಿಮಗೆ ಇಂಟರ್ನಲ್ಸ್ ಇರುತ್ತದೆ. ನೀವು ‘ಟ್ರೈ’ ಒಳಗೆ ಎಲ್ಲವನ್ನೂ ತುರುಕಿ, ‘ಕ್ಯಾಚ್’ ಒಳಗೆ ಏನನ್ನೂ ಬರೆಯದೆ ಬಿಡುತ್ತೀರಿ. ಆಮೇಲೆ ಎರರ್ ಬರುವುದೇ ಇಲ್ಲ. ಬರುವುದಿಲ್ಲ ನಿಜ, ಆಗುತ್ತಲೇ ಇರುತ್ತದೆ. ಬೇಕಾದರೆ ಲೂಪ್ ಮುಂದುವರಿಯಲಿ, ಆದರೆ ಯಾವ ಸಾಲು, ಯಾವ ಮನೆ, ಏನು ಎರರ್ ಎಂದು ಬೇರೊಂದು ಶೀಟಿನಲ್ಲಿ ಬರೆದಿಟ್ಟೇ ಮುಂದುವರಿಯಲಿ.

ಸದ್ದಿಲ್ಲದೆ ಬಿದ್ದುಹೋಗುವ ಸಾಲುಗಳಿಂದ ಏನಾಗಬಹುದೆಂದು 2020ರಲ್ಲಿ ಇಂಗ್ಲೆಂಡ್ ನೋಡಿತು. ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಒಟ್ಟುಗೂಡಿಸಲು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಎಕ್ಸೆಲ್‌ನ ಹಳೆಯ ಮಾದರಿಯ ಕಡತ ಬಳಸುತ್ತಿತ್ತು. ಹೊಸ ಎಕ್ಸೆಲ್‌ಗೆ 10,48,576 ಸಾಲು ಹಿಡಿಸುತ್ತದೆ, ಹಳೆಯದಕ್ಕೆ 65,536 ಮಾತ್ರ. ಕಡತ ತುಂಬಿತು, ಮಿಕ್ಕ ಸಾಲುಗಳು ಹೊರಗೇ ಉಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಸೋಂಕಿತರು ದಿನದ ಲೆಕ್ಕಕ್ಕೆ ಬರಲಿಲ್ಲ. ಅವರಿಗೆ ತಮ್ಮ ಫಲಿತಾಂಶ ತಿಳಿದಿತ್ತು, ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ಮಾತ್ರ ತಡವಾಯಿತು. ಒಳಗೆ ಬಂದ ಸಾಲೆಷ್ಟು, ಹೊರಗೆ ಹೋದ ಸಾಲೆಷ್ಟು ಎಂದು ದಿನಕ್ಕೊಮ್ಮೆ ಎದುರುಬದುರು ಇಟ್ಟಿದ್ದರೆ ಮೊದಲ ದಿನವೇ ಸಿಗುತ್ತಿತ್ತು.

ದೋಷ ಹುಡುಕುವುದು ಹೇಗೆ ಎಂದು ಕೇಳುವವರಿಗೆ: ಮೊದಲು ಮೇಲ್ ಕಳಿಸುವ ಲೈನನ್ನು ಮುಚ್ಚಿ, ಅದರ ಜಾಗದಲ್ಲಿ ‘ಇವರಿಗೆ ಕಳಿಸುತ್ತಿದ್ದೆ’ ಎಂದು ಬರೆಯುವಂತೆ ಮಾಡಿ. ಕೋಡನ್ನು ದಿಟ್ಟಿಸುತ್ತ ಕೂರಬೇಡಿ, ಅದು ನೀವು ಅಂದುಕೊಂಡಂತೆಯೇ ಕಾಣುತ್ತಿರುತ್ತದೆ. ಪ್ರತಿ ಸುತ್ತಿನಲ್ಲೂ ಸಾಲಿನ ಸಂಖ್ಯೆ, ಮನೆ, ಓದಿದ ಮೊತ್ತ, ಆ ಮೊತ್ತ ಸಂಖ್ಯೆಯೋ ಪಠ್ಯವೋ ತಾರೀಖೋ ಎಂಬುದು, ಏನು ತೀರ್ಮಾನವಾಯಿತು ಎಂಬುದು ಇಷ್ಟನ್ನು ಬರೆಸಿ ಓದಿ. ಶೀಟಿನ ಚಿಕ್ಕ ಪ್ರತಿ ಮಾಡಿಕೊಂಡು ಬೇಕೆಂದೇ ಕೆಟ್ಟ ಸಾಲುಗಳನ್ನು ಇಡಿ: ಕಟ್ಟಿದವರಿಬ್ಬರು ಒಬ್ಬರ ಕೆಳಗೊಬ್ಬರು, ಒಂದು ಖಾಲಿ ಸಾಲು, ಒಂದು ೩೦೦, ಒಂದು 12/1, ಹೊಸ ನೀರಿನ ಮೀಟರ್ ಹಾಕಿಸಿದ್ದರಿಂದ ಈ ತಿಂಗಳ ರೀಡಿಂಗ್ ಹೋದ ತಿಂಗಳಿಗಿಂತ ಕಡಿಮೆಯಿರುವ ಮನೆ, ಕೊನೆಯ ಸಾಲಿನಲ್ಲಿ ದೊಡ್ಡ ಬಾಕಿದಾರ. ತಿಂಗಳಿಗೆ ಸರಿಯಾಗಿ 7,500 ಕಟ್ಟುವ ಒಂದು ಮನೆಯನ್ನೂ ಸೇರಿಸಿ. ವಾರ್ಷಿಕ ವಹಿವಾಟು 20 ಲಕ್ಷ ದಾಟುವ ಸಂಘಗಳಲ್ಲಿ ನಿರ್ವಹಣಾ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ 7,500ರ ತನಕ, 2018ರಲ್ಲಿ 5,000ದಿಂದ ಏರಿದ್ದು ಅದು. ‘7,500ಕ್ಕಿಂತ ಹೆಚ್ಚು’ ಎನ್ನುವಲ್ಲಿ ‘7,500 ಅಥವಾ ಹೆಚ್ಚು’ ಎಂದು ಬರೆದುಬಿಟ್ಟರೆ ಆ ಮನೆಗೆ ಶೇ 18ರಂತೆ 1,350 ರೂಪಾಯಿ ಸುಮ್ಮನೆ ಬೀಳುತ್ತದೆ. ಎಷ್ಟೋ ಸಂಘಗಳು ತೆರಿಗೆ ತಪ್ಪಲೆಂದೇ ಶುಲ್ಕವನ್ನು ಆ ಗಡಿಯಲ್ಲಿ ನಿಲ್ಲಿಸಿರುವುದರಿಂದ ಇದು ಒಂದೆರಡು ಮನೆಯ ಮಾತಾಗಿ ಉಳಿಯುವುದಿಲ್ಲ.

ಚಾಟ್‌ಬಾಟ್ ಕೈಲಿ ಬರೆಸುವವರಿಗೂ ಇದೇ ಪರೀಕ್ಷೆ. ನೀವು ತೋರಿಸಿದ ಐದು ಅಚ್ಚುಕಟ್ಟಾದ ಸಾಲುಗಳಿಗೆ ಅದು ಅಚ್ಚುಕಟ್ಟಾದ ಕೋಡು ಕೊಡುತ್ತದೆ. ನಿಮ್ಮ ಶೀಟಿನ ನಿಜವಾದ ಅವತಾರ ಅದಕ್ಕೆ ಗೊತ್ತಿರುವುದಿಲ್ಲ.

ಖಜಾಂಚಿಗಳೇ, ನಿಮಗೆ ಕೋಡು ಬರಬೇಕಾಗಿಲ್ಲ. ನಿಮ್ಮ ಆಡಿಟರ್ ವೋಚರು ನೋಡುತ್ತಾರೆ, ಬ್ಯಾಂಕ್ ಪಾಸ್‌ಬುಕ್ ನೋಡುತ್ತಾರೆ, ಸ್ಕ್ರಿಪ್ಟನ್ನು ನೋಡುವುದಿಲ್ಲ. ಹಾಗಾಗಿ ಕೇಳುವ ಹಕ್ಕೂ ಹೊಣೆಯೂ ಪಟ್ಟಿಗೆ ಸಹಿ ಹಾಕುವ ನಿಮ್ಮದೇ. “ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ” ಎಂದು ಎಪ್ಪತ್ತು ದಾಟಿದ ಹಿರಿಯರೊಬ್ಬರಿಗೆ ಹೇಳಿ ಕಳಿಸುವ ಮುನ್ನ ಅವರ ರಶೀದಿಯನ್ನು ಒಮ್ಮೆ ನೋಡಿ. ಬಾಕಿದಾರರ ನೀರು ನಿಲ್ಲಿಸುವ ಬೆದರಿಕೆ ಹಾಕುವ ಸಂಘಗಳೂ ಇವೆ ಎಂದು ಕೇಳುತ್ತೇನೆ. ಅದು ಸರಿಯೋ ತಪ್ಪೋ ಎಂಬ ಜಗಳ ಬೇರೆ. ಕನಿಷ್ಠ ಸ್ಕ್ರಿಪ್ಟ್ ಕೊಟ್ಟ ಪಟ್ಟಿಯೊಂದನ್ನೇ ಹಿಡಿದು ಯಾರ ಮನೆಯ ವಾಲ್ವಿಗೂ ಕೈ ಹಾಕಬೇಡಿ.

ಮುಂದಿನ ತಿಂಗಳಿನಿಂದ ಪಟ್ಟಿಯ ಅಡಿಯಲ್ಲಿ ಒಂದು ಸಾಲು ಅಚ್ಚಾಗುವಂತೆ ಬರೆಸಿಕೊಳ್ಳಿ: ಒಟ್ಟು ಮನೆ ಇಷ್ಟು, ಪಾವತಿ ಇಷ್ಟು, ಬಾಕಿ ಇಷ್ಟು, ಓದಲಾಗದ್ದು ಇಷ್ಟು. ಮೊದಲನೆಯದು ಉಳಿದ ಮೂರರ ಮೊತ್ತಕ್ಕೆ ಸಮವಾಗಿರಬೇಕು, ಕಟ್ಟಡದ ಮನೆಗಳ ಸಂಖ್ಯೆಗೂ ಸಮವಾಗಿರಬೇಕು. ಆ ಸಂಖ್ಯೆ ನಿಮಗೆ ಬಾಯಿಪಾಠ ಇರುತ್ತದೆ. ಓದಲಾಗದ್ದು ಸೊನ್ನೆಯಲ್ಲದಿದ್ದರೆ ಆ ಮನೆಗಳನ್ನು ರಶೀದಿ ಪುಸ್ತಕ ತೆರೆದು ಕೈಯಲ್ಲಿ ನೋಡಿ, ಸಾಮಾನ್ಯವಾಗಿ ಅವು ನಾಲ್ಕೈದು ದಾಟುವುದಿಲ್ಲ. ವಾರ್ಷಿಕ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಈ ಸಾಲಿನ ಬಗ್ಗೆ ಕೇಳಿದರೆ ಬೇಸರಿಸಬೇಡಿ. ಕೇಳುವವರಲ್ಲಿ ನಮ್ಮ ಸಂಘದ ಸಭೆಯಲ್ಲಿ ನಾನೂ ಒಬ್ಬ.

ಇತಿ,
ಆರ್.ಟಿ. ನಗರದ ಒಬ್ಬ ನಿವಾಸಿ